ಭಾರಸಾಗಣೆಯ ಕಸಬು ಮತ್ತು ಅದರ ಹೊಣೆ: ಬಂಡ್ರಿ–ಹಂಪಿ ಸೀಮೆಯನ್ನು ಕುರಿತು ಒಂದು ವಿಚಾರ

1

ಭಾರವಾದ ವಸ್ತುವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ಯುವುದು ಕೇವಲ ತೋಳ್ಬಲದ ಕೆಲಸವೆಂಬ ಭಾವನೆ ಸಾಮಾನ್ಯವಾಗಿದೆ. ವಸ್ತು ಭಾರವೂ ಆಗಿದ್ದು ಸುಲಭವಾಗಿ ಕೆಡುವಂಥದೂ ಆಗಿದ್ದರೆ ಈ ಭಾವನೆ ನಿಲ್ಲುವುದಿಲ್ಲ. ಇದಕ್ಕೆ ಪಿಯಾನೋ ಎಂಬ ಪಾಶ್ಚಾತ್ಯ ವಾದ್ಯವೇ ಒಳ್ಳೆಯ ನಿದರ್ಶನ. ಸಭಾಭವನಗಳಲ್ಲಿ ಬಳಸುವ ದೊಡ್ಡ ಪಿಯಾನೋವಿನ ತೂಕ ಸುಮಾರು 500 ಕಿಲೋಗ್ರಾಂ. ಅದರ ತಂತಿಗಳೆಲ್ಲವೂ ಕೂಡಿ ಎಳೆಯುವ ಎಳೆತ ಸುಮಾರು 20 ಟನ್. ಈ ಎಳೆತವನ್ನು ತಾಳುವುದು ಒಳಗಿನ ಎರಕದ ಕಬ್ಬಿಣದ ಚೌಕಟ್ಟು. ಎರಕದ ಕಬ್ಬಿಣವು ಬಾಗುವುದಿಲ್ಲ, ಪೆಟ್ಟು ಬಿದ್ದರೆ ಸೀಳುತ್ತದೆ. ಆದುದರಿಂದ ಇದನ್ನು ಸಾಗಿಸಲು ಬಲ್ಲ ಕಸಬುದಾರರು ಮೊದಲು ಕಾಲುಗಳನ್ನೂ ಕಾಲ್ತುಳಿಗಳನ್ನೂ ಬಿಚ್ಚುತ್ತಾರೆ. ಬಳಿಕ ವಾದ್ಯವನ್ನು ಕಂಬಳಿಯಲ್ಲಿ ಸುತ್ತಿ, ಹಲಗೆಯ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಪಟ್ಟಿಗಳಿಂದ ಬಿಗಿದು ಒಯ್ಯುತ್ತಾರೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು ಪಿಯಾನೋವಾದನದಲ್ಲಿ ನುರಿತವರಾಗಿದ್ದುದನ್ನು ನೆನೆದರೆ, ಈ ವಾದ್ಯವು ನಮ್ಮ ನಾಡಿಗೆ ತೀರ ಅಪರಿಚಿತವಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಂಥ ಕಸಬುದಾರನಿಗೆ ಕೂಲಿಗಿಂತ ಹೆಚ್ಚಿನ ಹಣ ಕೊಡುವವನು ಕೊಳ್ಳುವುದೇನನ್ನು? ವಸ್ತುವು ಮುಟ್ಟಬೇಕಾದ ಸ್ಥಳವನ್ನು ಮುಕ್ಕಾಗದೆ ಮುಟ್ಟುವುದೆಂಬ ಭರವಸೆಯನ್ನು, ಎಂದರೆ ಹೊಣೆಯನ್ನು. ಈ ಹೊಣೆಯನ್ನು ಯಾರು ಹೊರುತ್ತಿದ್ದರು, ಹೇಗೆ ಹೊರುತ್ತಿದ್ದರು ಎಂಬ ಪ್ರಶ್ನೆಯನ್ನು ಹಂಪಿ, ಹೊಸಪೇಟೆ, ಕಂಪ್ಲಿ, ಸಂಡೂರು, ಬಂಡ್ರಿಗಳ ಸೀಮೆಯ ಇತಿಹಾಸಕ್ಕೆ ಅನ್ವಯಿಸಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಬಂಡ್ರಿಯು ಇಂದು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿಗೆ ಸೇರಿದ ಊರು. ಅದರ ಹೆಸರಿನಲ್ಲಿ ‘ಬಂಡಿ’ಯ ಧ್ವನಿ ಕೇಳಿಸುತ್ತದೆಂಬ ಕಾರಣಕ್ಕೆ ಅದನ್ನು ಸಾಕ್ಷ್ಯವಾಗಿ ಹಿಡಿಯುವುದು ಸಲ್ಲದು. ಸಾಕ್ಷ್ಯಗಳು ಬೇರೆಯೇ ಇವೆ.

2

ಸಾಗಣೆಯ ಅಪಾಯವನ್ನು ತಪ್ಪಿಸುವ ಮೊದಲನೆಯ ಉಪಾಯವೆಂದರೆ ಸಾಗಿಸದೆ ಇರುವುದು. ವಿಜಯನಗರದ ಶಿಲ್ಪಿಗಳು ಇದನ್ನು ಚೆನ್ನಾಗಿ ಅರಿತಿದ್ದರು. ಹೇಮಕೂಟದ ಕಡಲೆಕಾಳು ಗಣೇಶ, ಸಾಸಿವೆಕಾಳು ಗಣೇಶ, ಕೃಷ್ಣದೇವರಾಯನ ಕಾಲದಲ್ಲಿ 1528ರಲ್ಲಿ ನಿರ್ಮಿತವಾದ ಉಗ್ರನರಸಿಂಹ, ಇವೆಲ್ಲವೂ ಬಂಡೆ ಇದ್ದ ಸ್ಥಳದಲ್ಲಿಯೇ ಕಡೆದ ಮೂರ್ತಿಗಳು. ಇಲ್ಲಿ ಮೂರ್ತಿಯು ಗುಡಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಗುಡಿಯೇ ಮೂರ್ತಿಯಿದ್ದಲ್ಲಿಗೆ ಬಂದಿತು.

ಎರಡನೆಯ ಉಪಾಯ ಬಿಡಿಸಿ ಒಯ್ದು ಮತ್ತೆ ಜೋಡಿಸುವುದು. ವಿಠ್ಠಲ ದೇವಾಲಯದ ಪ್ರಾಂಗಣದ ಕಲ್ಲಿನ ರಥವನ್ನು ಏಕಶಿಲೆಯೆಂದು ನೋಡುವವರು ಭ್ರಮಿಸುವುದುಂಟು. ವಾಸ್ತವವಾಗಿ ಅದು ಹಲವು ಕಣಶಿಲೆಯ ತುಂಡುಗಳ ಜೋಡಣೆ. ಕೆತ್ತನೆಯ ಸಾಲುಗಳಲ್ಲಿ ಅದರ ಸಂದುಗಳು ಮರೆಯಾಗಿವೆ. ಇದಕ್ಕಿಂತಲೂ ನಿರ್ಣಾಯಕವಾದ ಪುರಾವೆ ದೊರೆತದ್ದು ಅರಮನೆಯ ಆವರಣದಲ್ಲಿ. 1980ರ ದಶಕದ ಉತ್ಖನನದಲ್ಲಿ ಅಲ್ಲಿ ಬೆಳಕಿಗೆ ಬಂದ ಮೆಟ್ಟಿಲು ಪುಷ್ಕರಣಿಯು ಸುಮಾರು 22 ಮೀಟರು ಚದರದ್ದು. ಹಸಿರು ಛಾಯೆಯ ಕಪ್ಪು ಕಲ್ಲಿನಿಂದ ಐದು ಅಂತಸ್ತುಗಳಲ್ಲಿ ಅದನ್ನು ಕಟ್ಟಲಾಗಿದೆ. ಅದರ ಕಲ್ಲುಗಳ ಮೇಲೆ ದಿಕ್ಕು, ಸಾಲು, ಸ್ಥಾನಗಳನ್ನು ಸೂಚಿಸುವ ಗುರುತುಗಳಿವೆ. ಕಲ್ಲುಗಳನ್ನು ಕಟ್ಟಡದ ಸ್ಥಳದಲ್ಲಿಯೇ ಅಳೆದು ಕಡೆಯುತ್ತಿದ್ದರೆ ಇಂಥ ಗುರುತುಗಳ ಅಗತ್ಯ ಬೀಳುತ್ತಿರಲಿಲ್ಲ. ಆದುದರಿಂದ ಇವು ಅನ್ಯತ್ರ ಸಿದ್ಧವಾಗಿ, ಸಾಗಿಬಂದು, ಗುರುತಿನಂತೆ ಜೋಡಣೆಗೊಂಡವೆಂದು ನಿಶ್ಚಯಿಸಬಹುದು. ಪಿಯಾನೋವಿನ ಕಾಲನ್ನು ಬಿಚ್ಚಿ ಚೀಟಿ ಕಟ್ಟುವ ಇಂದಿನ ಕಸಬುದಾರನ ವಿವೇಕವೂ ಇದೇ. ಕಡೆದವನು, ಸಾಗಿಸಿದವನು, ಜೋಡಿಸಿದವನು ಬೇರೆ ಬೇರೆಯವರಾಗಿದ್ದರೂ ಕೆಲಸ ಕೆಡದಂತೆ ಈ ಗುರುತುಗಳು ಕಾಯ್ದಿವೆ.

ಆದರೆ ಬಿಡಿಸಲಾಗದ ವಸ್ತುಗಳೂ ಇದ್ದವು. ಕೃಷ್ಣದೇವರಾಯನು ಉದಯಗಿರಿಯ ದುರ್ಗವನ್ನು ಗೆದ್ದು ಅಲ್ಲಿಂದ ಬಾಲಕೃಷ್ಣನ ವಿಗ್ರಹವನ್ನು ತಂದು, 1515ರಲ್ಲಿ ತನ್ನ ರಾಜಧಾನಿಯಲ್ಲಿ ಪ್ರತಿಷ್ಠಿಸಿದನು. ಉದಯಗಿರಿಯಿಂದ ಹಂಪಿಗೆ ಹಾದಿಯ ಲೆಕ್ಕದಲ್ಲಿ ಇನ್ನೂರು ಮೈಲಿಗೂ ಹೆಚ್ಚು. ಭಗ್ನವಾದ ವಿಗ್ರಹಕ್ಕೆ ಶಾಸ್ತ್ರರೀತ್ಯಾ ಪೂಜೆ ಸಲ್ಲದಾದುದರಿಂದ ಈ ಸಾಗಣೆಯಲ್ಲಿ ಒಂದು ಬೆರಳು ಮುಕ್ಕಾದರೂ ವಿಜಯದ ಅರ್ಥವೇ ಕೆಡುತ್ತಿತ್ತು. ಶಾಸನಗಳು ಸಾಮಾನ್ಯವಾಗಿ ದಾನಿಯ ಹೆಸರನ್ನೂ ದತ್ತಿಯ ವಿವರವನ್ನೂ ಹೇಳುತ್ತವೆ. ಹೊತ್ತು ತಂದವರು ಹೆಸರಿಲ್ಲದೆ ಉಳಿಯುತ್ತಾರೆ. ಈ ಮೌನವನ್ನು ಕಸಬಿನ ಅಭಾವವೆಂದು ತಿಳಿಯಲಾಗದು.

3

ಕಸಬುದಾರರ ಇರವನ್ನು ಪರದೇಶದ ಪ್ರವಾಸಿಗರ ಬರೆಹಗಳು ಸ್ಪಷ್ಟಪಡಿಸುತ್ತವೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸನಾದ ದೊಮಿಂಗೊ ಪಾಯೆಸನು ಆನೆಗೊಂದಿಯ ಕಡವಿನ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿದ್ದು, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ತೊಗಲಿನ ಹೊದಿಕೆಯೂ ಉಳ್ಳ ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು. ಅಗತ್ಯ ಬಿದ್ದಾಗ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು. ಸುಳಿಗಳೂ ಬಂಡೆಗಳೂ ತುಂಬಿದ ತುಂಗಭದ್ರೆಯಲ್ಲಿ ಬೆದರಿದ ಕುದುರೆಯನ್ನು ತೊಗಲಿನ ಬುಟ್ಟಿಯಲ್ಲಿ ನಿಲ್ಲಿಸಿ ದಾಟಿಸುವುದು ಯಾವ ಕೂಲಿಯಾಳಿನಿಂದಲೂ ಆಗುವ ಕೆಲಸವಲ್ಲ. ಭಟ್ಕಳದ ಹಾದಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ನಡೆಯುತ್ತಿದ್ದುವೆಂಬುದೂ ಅವನ ಹೇಳಿಕೆಯಿಂದ ತಿಳಿದುಬರುತ್ತದೆ.

ಹೊಣೆಯ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವುದು ಸುಮಾರು 1535ರಲ್ಲಿ ಬರೆದ ನೂನಿಜನ ವೃತ್ತಾಂತ. ಸಾಳುವ ನರಸಿಂಹನು ಓರ್ಮುಜ್ ಮತ್ತು ಏಡನ್‌ಗಳಿಂದ ಬರುವ ಕುದುರೆಗಳನ್ನು ಸಾವಿರ ಪರ್ದಾವಿಗೆ ಮೂರರಂತೆ ಕೊಳ್ಳುತ್ತಿದ್ದನು. ಬದುಕಿದ ಕುದುರೆಗೂ ಸತ್ತ ಕುದುರೆಗೂ ಬೆಲೆ ಒಂದೇ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೆ ಸಾಕಾಗಿತ್ತೆಂದು ಅವನು ಹೇಳುತ್ತಾನೆ. ಇದು ಮೇಲುನೋಟಕ್ಕೆ ಅರಸನ ಔದಾರ್ಯವೆಂಬಂತೆ ತೋರಿದರೂ, ವಿಚಾರಿಸಿ ನೋಡಿದರೆ ವ್ಯಾಪಾರದ ಲೆಕ್ಕಾಚಾರವೆಂಬುದು ತಿಳಿಯುತ್ತದೆ. ದಾರಿಯ ನಷ್ಟವನ್ನು ವರ್ತಕನ ತಲೆಗೆ ಕಟ್ಟಿದರೆ ಅವನು ಕುದುರೆಗಳನ್ನು ಹತ್ತಿರದ ಬೇರೆ ಅರಸನಿಗೆ ಮಾರುವನು. ನಷ್ಟವನ್ನು ಕೊಳ್ಳುವವನೇ ಹೊತ್ತರೆ ಕುದುರೆಗಳ ಹರಿವು ತನ್ನ ಕಡೆಗೆ ತಿರುಗುವುದು. ಇಂದು ವಿಮೆ ಎಂದು ಕರೆಯುವ ವ್ಯವಸ್ಥೆಯ ಬೀಜ ಇಲ್ಲಿದೆ. ಬಾಲವೇ ಅಂದಿನ ರಸೀದಿ.

4

ಇದಕ್ಕೆ ವಿರುದ್ಧವಾದ ಕ್ರಮವೂ ದಖನಿನಲ್ಲಿ ಪ್ರಚಾರದಲ್ಲಿತ್ತು. ಅಲ್ಲಿ ಹೊಣೆಯನ್ನು ಸಾಗಿಸುವವನೇ ಹೊರುತ್ತಿದ್ದನು. ಈ ಕ್ರಮದ ವಾರಸುದಾರರು ಬಂಜಾರರು, ಎಂದರೆ ನಮ್ಮ ಲಂಬಾಣಿಗಳು. ಬಂಡ್ರಿ, ಸಂಡೂರು, ಹೊಸಪೇಟೆಗಳ ಸುತ್ತಣ ಸೀಮೆಯಲ್ಲಿ ಅವರ ತಾಂಡಗಳು ಇಂದಿಗೂ ಇವೆ. ಬಂಜಾರ ಶಬ್ದವನ್ನು ವಾಣಿಜ್ಯವಾಚಕವಾದ ಸಂಸ್ಕೃತ ಮೂಲಕ್ಕೂ, ಲಂಬಾಣಿ ಶಬ್ದವನ್ನು ‘ಲವಣ’ಕ್ಕೂ ವಿದ್ವಾಂಸರು ಸಂಬಂಧಿಸುವುದುಂಟು. ಉಪ್ಪು ಮತ್ತು ಧಾನ್ಯಗಳೇ ಅವರ ಮುಖ್ಯ ಹೇರುಗಳಾಗಿದ್ದುವು.

1632ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ಸಂಚರಿಸಿದ ಪೀಟರ್ ಮಂಡಿ ಎಂಬ ಆಂಗ್ಲನು 14,000 ಎತ್ತುಗಳ ಒಂದು ತಾಂಡವನ್ನು ಕಂಡುದಾಗಿ ಬರೆದಿದ್ದಾನೆ. ಅದೇ ಶತಮಾನದ ಫ್ರೆಂಚ್ ವರ್ತಕ ತಾವೆರ್ನಿಯೆಯು ಇವರಲ್ಲಿ ನಾಲ್ಕು ಪಂಗಡಗಳಿದ್ದು, ಗೋದಿ ಮೊದಲಾದ ಧಾನ್ಯ, ಅಕ್ಕಿ, ಬೇಳೆಕಾಳು, ಉಪ್ಪು ಇವುಗಳಲ್ಲಿ ಪ್ರತಿ ಪಂಗಡವೂ ಒಂದನ್ನು ಮಾತ್ರ ಹೇರುತ್ತಿತ್ತೆಂದು ತಿಳಿಸುತ್ತಾನೆ. ಪಂಗಡಗಳ ವಿಭಜನೆ ಅವನು ಹೇಳಿದಷ್ಟು ಕಟ್ಟುನಿಟ್ಟಾಗಿತ್ತೋ ಇಲ್ಲವೋ, ಸಾಗಣೆಯು ನುರಿತವರ ವಂಶವೃತ್ತಿಯಾಗಿತ್ತೆಂಬುದು ನಿರ್ವಿವಾದ. ಮೊಗಲರು ಬಿಜಾಪುರದ ಮೇಲೆ ದಂಡೆತ್ತಿ ಬಂದಾಗ, ಎತ್ತುಗಳಿಗೆ ಹುಲ್ಲು ನೀರುಗಳ ಹಕ್ಕನ್ನು ಅವರ ನಾಯಕರು ತಾಮ್ರಪಟದ ಮೂಲಕ ಪಡೆದರೆಂಬ ಐತಿಹ್ಯವಿದೆ. ಐತಿಹ್ಯದ ವಿವರಗಳನ್ನು ಒಪ್ಪದಿದ್ದರೂ ಅದರ ತಿರುಳನ್ನು ಗಮನಿಸಬೇಕು. ಸೈನ್ಯವು ಅವರಿಗೆ ಅಪ್ಪಣೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವರೊಡನೆ ಕರಾರು ಮಾಡಿಕೊಳ್ಳಬೇಕಾಗಿತ್ತು.

ಅವರಿಲ್ಲದಿದ್ದರೆ ಏನಾಗುವುದೆಂಬುದನ್ನು 1791ರ ಮೇ ತಿಂಗಳು ತೋರಿಸಿತು. ಶ್ರೀರಂಗಪಟ್ಟಣದ ಬಳಿಗೆ ಬಂದ ಕಾರ್ನ್‌ವಾಲಿಸನ ಸೈನ್ಯವು ರಣದಲ್ಲಿ ಸೋಲದಿದ್ದರೂ, ಎಳೆಯುವ ಎತ್ತುಗಳು ಸತ್ತು ಮೇವು ಧಾನ್ಯಗಳು ತೀರಿದುದರಿಂದ, ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಇದಕ್ಕೆದುರಾಗಿ ಟಿಪ್ಪುವಿನ ಬಳಿಯಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಣ್ಣೆಚಾವಡಿಯೆಂದು ಪ್ರಸಿದ್ಧವಾಗಿದ್ದು ಅಮೃತಮಹಲ್ ಎಂಬ ಹೆಸರು ಪಡೆದ ಎತ್ತುಗಳ ಇಲಾಖೆಯಿತ್ತು. ಮರುವರ್ಷದ ದಂಡಯಾತ್ರೆಗೆ ಕಂಪನಿಯವರು ಬಂಜಾರರನ್ನು ವಿಶೇಷ ಪ್ರಯತ್ನದಿಂದ ಕೂಡಿಸಿಕೊಂಡರು. 1803ರ ದಖನಿನ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯೂ ಅವರನ್ನೇ ನೆಚ್ಚಿದನು. ಬಂಜಾರನು ಬಹುಮಟ್ಟಿಗೆ ತನ್ನ ಬಂಡವಾಳದಿಂದ ಧಾನ್ಯವನ್ನು ಕೊಂಡು, ತನ್ನ ಎತ್ತಿನ ಮೇಲೆ ಹೇರಿ, ದಂಡಿನ ಬಜಾರಿನಲ್ಲಿ ಮಾರುತ್ತಿದ್ದನು. ದಾರಿಯಲ್ಲಿ ಹೇರು ನೆನೆದರೆ, ಎತ್ತು ಸತ್ತರೆ ನಷ್ಟ ಅವನದೇ. ನೂನಿಜನು ಹೇಳುವ ಕುದುರೆಯ ವರ್ತಕನಿಗಿದ್ದ ರಕ್ಷಣೆ ಇವನಿಗಿರಲಿಲ್ಲ.

5

ಸಾಮೂಹಿಕವಾಗಿ ಹೊಣೆ ಹೊತ್ತ ಮೂರನೆಯ ಕ್ರಮವನ್ನು ಕರಾವಳಿಯಲ್ಲಿ ಕಾಣುತ್ತೇವೆ. ಕಾರ್ಕಳದ ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ವೀರಪಾಂಡ್ಯ ಭೈರರಸನು 1432ರ ಫೆಬ್ರವರಿ 13ರಂದು ಪ್ರತಿಷ್ಠಿಸಿದನು. ಕಡೆದ ಮೂರ್ತಿಯನ್ನು ಉಕ್ಕಿನ ಗಾಲಿಗಳ ಇಪ್ಪತ್ತು ಬಂಡಿಗಳ ಸಾಲಿನ ಮೇಲೆ ಇರಿಸಿ, ಅಪಾರವಾದ ಹತ್ತಿಯಿಂದ ಮುಚ್ಚಿ, ಹತ್ತು ಸಾವಿರ ತೆಂಗಿನಕಾಯಿ ಒಡೆದು, ಇಳಿಜಾರು ದಾರಿಯಲ್ಲಿ ಭಕ್ತಸಮೂಹವು ಬೆಟ್ಟಕ್ಕೆ ಎಳೆಯಿತೆಂಬ ಸ್ಥಳೀಯ ಐತಿಹ್ಯವು 19ನೆಯ ಶತಮಾನದಲ್ಲಿ ದಾಖಲಾಗಿದೆ. ಸಂಖ್ಯೆಗಳು ಐತಿಹ್ಯದವು. ಆದರೆ ಭಾರವನ್ನು ಹಲವು ಗಾಲಿಗಳಿಗೆ ಹಂಚುವುದು, ಮೈಗೆ ಮೆತ್ತೆ ಕಟ್ಟುವುದು, ಇಳಿಜಾರು ಕಟ್ಟುವುದು, ಈ ಮೂರೂ ಕಸಬಿನ ಮಾತುಗಳು. ಕೆಲಸ ಬಲ್ಲವರ ನೆನಪಿನಿಂದಲ್ಲದೆ ಇವು ಕಥೆಯೊಳಗೆ ಬರಲಾರವು.

ಇದಕ್ಕೆ ಆಧುನಿಕ ಕಾಲದ ಸಮರ್ಥನೆ ದೊರೆಯುತ್ತದೆ. ಧರ್ಮಸ್ಥಳಕ್ಕಾಗಿ ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ 1967ರಿಂದ ಕಡೆದ 39 ಅಡಿಯ ಬಾಹುಬಲಿಯು 1973ರಲ್ಲಿ ಮುಂಬಯಿಯ ಭಾರಸಾಗಣೆಯ ಕಸಬುದಾರರ ನೆರವಿನಿಂದ, 64 ಗಾಲಿಗಳ ವಾಹನದ ಮೇಲೆ ಧರ್ಮಸ್ಥಳವನ್ನು ಸೇರಿತು. 1982ರಲ್ಲಿ ಅದರ ಪ್ರತಿಷ್ಠೆ ನಡೆಯಿತು. ಹಗ್ಗದ ಸ್ಥಾನದಲ್ಲಿ ಯಂತ್ರವೂ ಭಕ್ತರ ಸ್ಥಾನದಲ್ಲಿ ಗುತ್ತಿಗೆಯೂ ಬಂದವು. ಭಾರವನ್ನು ಹಂಚುವ ಸೂತ್ರ ಮಾತ್ರ ಬದಲಾಗಲಿಲ್ಲ.

6

ಮತ್ತೆ ನಮ್ಮ ಸೀಮೆಗೆ ಬರೋಣ. ಸಂಡೂರಿನ ಕಣಿವೆಗೆ ಓಬಳಗಂಡಿ, ಭೀಮನಗಂಡಿಗಳೆಂಬ ಕಿರಿದಾದ ಬಾಗಿಲುಗಳಿವೆ. ಇಂಥ ಬೆಟ್ಟದ ಹಾದಿಗಳಲ್ಲಿ ಬಂಡಿಗಿಂತ ಹೇರೆತ್ತೇ ಮೇಲು. ಆದರೆ 19ನೆಯ ಶತಮಾನದಲ್ಲಿ ಬಂಡಿಯ ರಸ್ತೆಗಳು ಹೆಚ್ಚಿದುವು. 1880ರ ದಶಕದಲ್ಲಿ ಹೊಸಪೇಟೆಗೆ ರೈಲು ಬಂದಿತು. ಒಂದು ಗಾಡಿಯು ಒಂದು ದಿನದಲ್ಲಿ ಒಯ್ಯುವುದನ್ನು ಒಯ್ಯಲು ತಾಂಡಕ್ಕೆ ವಾರಗಳು ಬೇಕು. ಕಸಬು ಹೋಯಿತು.

ಕಸಬಿನೊಡನೆ ಹೋದದ್ದು ಮಾನವೂ ಹೌದು. 1871ರಲ್ಲಿ ಆರಂಭವಾಗಿ ಮುಂದೆ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಲೆಮಾರಿತನವನ್ನೇ ಸಂಶಯದ ಕಣ್ಣಿನಿಂದ ನೋಡಿತು. ಹಲವು ಪ್ರಾಂತಗಳಲ್ಲಿ ಬಂಜಾರರ ಪಂಗಡಗಳೂ ಆ ಪಟ್ಟಿಗೆ ಸೇರಿದವು. ಯಾರ ನಂಬಿಕೆಯ ಮೇಲೆ ಸೈನ್ಯಗಳು ಉಂಡಿದ್ದುವೋ ಅವರನ್ನೇ ಹುಟ್ಟುಗಳ್ಳರೆಂದು ಕರೆಯುವ ಕಾಲ ಬಂದಿತು. ಕಾಯಿದೆಯು 1952ರಲ್ಲಿ ರದ್ದಾಯಿತು. ಆದರೆ ಜನರ ಬಾಯಿಂದ ಆ ಮಾತು ಅಷ್ಟು ಬೇಗ ರದ್ದಾಗಲಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತು, ಅವರ ಹೆಂಗಸರ ಕೈಕೆಲಸವು ಈಗ ದೂರದ ಪೇಟೆಗಳನ್ನು ಮುಟ್ಟುತ್ತಿದೆ. ಇದು ಸಂತೋಷದ ವಿಷಯ. ಆದರೂ ನಾವು ಅವರ ಉಡುಗೆಯ ಬಣ್ಣವನ್ನು ಮೆಚ್ಚುವಷ್ಟು ಅವರ ಪೂರ್ವಿಕರ ವಿದ್ಯೆಯನ್ನು ನೆನೆಯುವುದಿಲ್ಲ.

ಒಟ್ಟಿನಲ್ಲಿ ಮೂರು ಬಗೆಯ ವ್ಯವಸ್ಥೆಗಳು ನಮಗೆ ಕಂಡುಬಂದವು: ಕೊಳ್ಳುವವನು ಹೊಣೆ ಹೊರುವುದು, ಸಾಗಿಸುವವನು ಹೊರುವುದು, ಸಮುದಾಯವೇ ಹೊರುವುದು. ಇಂದು ಪಿಯಾನೋ ಸಾಗಿಸಲು ಕಸಬುದಾರನನ್ನು ಗೊತ್ತುಮಾಡುವವನು ಬರೆದುಕೊಳ್ಳುವ ಕರಾರಿನಲ್ಲಿಯೂ ಹಾನಿಯಾದರೆ ಯಾರದು ಎಂಬ ಈ ಹಳೆಯ ಪ್ರಶ್ನೆಯೇ ಉಳಿದಿದೆ. ದೇಶದ ಆರ್ಥಿಕ ಇತಿಹಾಸವನ್ನು ಓದುವ ವಿದ್ಯಾರ್ಥಿಗಳು ಉತ್ಪನ್ನ ಮತ್ತು ಸುಂಕಗಳ ಜೊತೆಗೆ ಈ ಪ್ರಶ್ನೆಯನ್ನೂ ಕೇಳಬೇಕು. ಶಾಸನಗಳಲ್ಲಿ ತಲೆಹೊರೆ, ಹೇರು, ಬಂಡಿ ಎಂದು ಸುಂಕದ ಲೆಕ್ಕ ಬಂದಲ್ಲೆಲ್ಲ ತಲೆಯೊಂದು, ಎತ್ತೊಂದು, ಅದನ್ನು ನಡೆಸಿದವನೊಬ್ಬನು ಇದ್ದನೆಂಬುದನ್ನು ಮರೆಯಬಾರದು. ತಾಂಡಗಳ ಹಿರಿಯರ ಬಾಯಲ್ಲಿ ಎತ್ತಿನ ಹಾದಿಗಳ, ಹೇರಿನ ಕಟ್ಟುಗಳ ಹೆಸರುಗಳು ಉಳಿದಿದ್ದರೆ ಅವನ್ನು ಸಂಗ್ರಹಿಸುವ ಕೆಲಸವನ್ನು ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳುವುದು ಯುಕ್ತ. ಶಾಸನದಲ್ಲಿ ಹೆಸರು ಪಡೆಯದವರಿಗೆ ಇತಿಹಾಸದಲ್ಲಿ ಸ್ಥಾನ ದೊರೆಯಬೇಕಾದರೆ ಇದಲ್ಲದೆ ಬೇರೆ ಮಾರ್ಗವಿಲ್ಲ.