ಎದೆ ಮತ್ತು ರಕ್ತನಾಳಗಳ ಶಸ್ತ್ರಚಿಕಿತ್ಸೆ: ನಮ್ಮ ಪ್ರದೇಶದ ಹಿನ್ನೆಲೆಯಲ್ಲಿ ಒಂದು ವಿಚಾರ

ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯವು ಸ್ಥಾಪನೆಗೊಂಡುದು 1957ರಲ್ಲಿ. ಮುಂಬಯಿ ಕರ್ನಾಟಕದ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿ ಆಗ ಒಂದು ವರುಷವಷ್ಟೇ ಆಗಿತ್ದಿತು. ಅದಕ್ಕೆ ಮುಂಚೆ ಈ ಭಾಗದ ತರುಣರು ವೈದ್ಯವಿದ್ಯೆಗಾಗಿ ಮುಂಬಯಿ, ಪುಣೆಗಳ ದಾರಿಯನ್ನು ಹಿಡಿಯುತ್ತಿದ್ದರು. ಕಠಿಣ ರೋಗಿಗಳು ರೈಲುಗಾಡಿಯಲ್ಲಿ ಮಿರಜಿಗೆ, ವಾನ್‌ಲೆಸ್ ಅವರು ಕಟ್ಟಿದ ಆಸ್ಪತ್ರೆಗೆ ಹೋಗುತ್ತಿದ್ದರು. ಆದುದರಿಂದ ಎದೆಯ ಶಸ್ತ್ರವಿದ್ಯೆಯ ಇತಿಹಾಸವನ್ನು ನಾವು ಹುಬ್ಬಳ್ಳಿಯಿಂದಲೇ ಆರಂಭಿಸುವಂತಿಲ್ಲ.

ಮೊದಲು ಎದೆಯನ್ನು ತೆರೆಯಿಸಿದ ರೋಗವು ಕ್ಷಯ. ಪಕ್ಕೆಲುಬುಗಳನ್ನು ತೆಗೆದು ಪುಪ್ಪುಸವನ್ನು ಕುಗ್ಗಿಸಿ ವಿಶ್ರಾಂತಿ ಕೊಡುವುದು ಅಂದಿನ ಕ್ರಮ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತ ಮೇಲೆ, ಮನೆಯಲ್ಲಿಯೇ ಔಷಧ ಸೇವಿಸಿದ ರೋಗಿಗಳೂ ಆರೋಗ್ಯಧಾಮದವರಂತೆಯೇ ಗುಣಹೊಂದುವರೆಂದು ಮದರಾಸಿನ ಸಂಶೋಧನೆಯು 1959ರಲ್ಲಿ ತೋರಿಸಿದ ಮೇಲೆ, ಆ ಶಸ್ತ್ರಕ್ರಿಯೆಯು ಹಿಂದೆ ಸರಿಯಿತು. ಅಷ್ಟರಲ್ಲಿ ವೆಲ್ಲೂರಿನಲ್ಲಿ ರೀವ್ ಬೆಟ್ಸ್ ಎಂಬ ಅಮೆರಿಕನ್ ಶಸ್ತ್ರವೈದ್ಯರು ಎದೆಯ ಶಸ್ತ್ರಚಿಕಿತ್ಸೆಗೆಂದೇ ಒಂದು ವಿಭಾಗವನ್ನು ಬೆಳೆಯಿಸಿದ್ದರು. ಅವರಲ್ಲಿ ತರಬೇತಿ ಪಡೆದ, ಬಳ್ಳಾರಿಯಲ್ಲಿ ಹುಟ್ಟಿದ ಡಾ. ಎನ್. ಗೋಪೀನಾಥರು 1962ರಲ್ಲಿ ತೆರೆದ ಹೃದಯದ ಶಸ್ತ್ರಕ್ರಿಯೆಯನ್ನು ಯಶಸ್ವಿಯಾಗಿ ನಡೆಯಿಸಿ ಭಾರತದಲ್ಲಿ ಮೊದಲಿಗರಲ್ಲಿ ಒಬ್ಬರಾದರು.

ಹೃದಯದ ಕಥೆಯು ಕೀರ್ತಿಯದು. ಕಾಲಿನ ಕಥೆಗೆ ಅಷ್ಟು ಕೀರ್ತಿಯಿಲ್ಲ. ಆದರೆ ನಮ್ಮ ಪ್ರದೇಶಕ್ಕೆ ಹತ್ತಿರವಾದುದು ಎರಡನೆಯದೇ ಎಂದು ನಮ್ಮ ಅಭಿಪ್ರಾಯ. ಇಪ್ಪತ್ತರಿಂದ ನಲವತ್ತೈದರ ವಯಸ್ಸಿನ ದುಡಿಯುವ ಗಂಡಸು. ನಾಲ್ಕು ಮಾರು ನಡೆದರೆ ಮೀನಗಂಡ ಹಿಡಿಯುತ್ತದೆ. ಮುಂದೆ ರಾತ್ರಿಯೆಲ್ಲ ನೋವು, ಬೆರಳಿನ ತುದಿ ಕಪ್ಪಾಗುವುದು, ಕೊನೆಗೆ ಅಂಗಚ್ಛೇದ. ಇದಕ್ಕೆ ಬರ್ಗರನ ರೋಗವೆಂದು ಹೆಸರು. ನ್ಯೂಯಾರ್ಕಿನ ಲಿಯೋ ಬರ್ಗರನು 1908ರಲ್ಲಿ ಕತ್ತರಿಸಿ ತೆಗೆದ ಕಾಲುಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದನು. ಅವನು ಕಂಡವರು ಬಹುತೇಕ ಪೂರ್ವ ಯುರೋಪಿನಿಂದ ಬಂದ ಯೆಹೂದ್ಯರಾದುದರಿಂದ ರೋಗವು ಒಂದು ಜನಾಂಗದ್ದೆಂಬ ಭಾವನೆಯು ಬಹುಕಾಲ ಉಳಿಯಿತು. ಏಷ್ಯದ ಆಸ್ಪತ್ರೆಗಳ ಅನುಭವವು ಅದನ್ನು ಅಳಿಸಿತು. ಭಾರತದಲ್ಲಿ ಈ ರೋಗಿಗಳು ಹೆಚ್ಚಾಗಿ ಬೀಡಿ ಸೇದುವ ಬಡವರು. ನಿಪ್ಪಾಣಿಯ ಹೊಗೆಸೊಪ್ಪಿನ ಪೇಟೆಯೂ ಬೀಡಿ ಕಟ್ಟುವ ಮನೆಗಳೂ ನಮ್ಮಿಂದ ದೂರದಲ್ಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಚಿಕಿತ್ಸೆಯ ದಾರಿ ಇಕ್ಕಟ್ಟಾದುದು. ರಕ್ತನಾಳವನ್ನು ಹೊಲಿಯುವ ಕೌಶಲವನ್ನು ಅಲೆಕ್ಸಿಸ್ ಕ್ಯಾರೆಲ್ 1902ರಲ್ಲಿಯೇ ಪ್ರಕಟಿಸಿದ್ದನು. ರೋಗಿಯದೇ ಸಿರೆಯಿಂದ ಅಡ್ಡದಾರಿ ನಿರ್ಮಿಸುವ ಕ್ರಮವು 1948ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಆದರೆ ಈ ರೋಗದಲ್ಲಿ ಕೆಡುವುದು ಮೊಣಕಾಲಿನ ಕೆಳಗಿನ ಸಣ್ಣ ಧಮನಿಗಳು. ಅಡ್ಡದಾರಿಯನ್ನು ತಂದು ಕೂಡಿಸುವುದಕ್ಕೆ ಒಳ್ಳೆಯ ನಾಳವೇ ಉಳಿದಿರುವುದಿಲ್ಲ. ಹೀಗಾಗಿ ಸೊಂಟದ ಬಳಿಯ ಅನುವೇದಕ ನರಸರಣಿಯನ್ನು ಕತ್ತರಿಸುವ ಕ್ರಿಯೆಯೇ ದಶಕಗಳ ಕಾಲ ಮುಖ್ಯ ಆಶ್ರಯವಾಯಿತು. ಇದರಿಂದ ಚರ್ಮದ ನಾಳಗಳು ಹಿಗ್ಗುತ್ತವೆ, ಕಾಲು ಬೆಚ್ಚಗಾಗುತ್ತದೆ, ಸಣ್ಣ ಹುಣ್ಣುಗಳು ಮಾಯಬಹುದು. ಮುಚ್ಚಿದ ಧಮನಿ ಮಾತ್ರ ತೆರೆಯುವುದಿಲ್ಲ. ನಡೆಯುವಾಗಿನ ನೋವು ಹೆಚ್ಚಾಗಿ ಹಾಗೆಯೇ ಉಳಿಯುತ್ತದೆ. ಮುಂದೆ ಉದರದೊಳಗಿನ ವಪೆಯನ್ನು ಕಾಲಿನವರೆಗೆ ಇಳಿಸಿ ಹೊಸ ರಕ್ತಸಂಚಾರವನ್ನು ತರುವ ಪ್ರಯತ್ನವೂ ಭಾರತದಲ್ಲಿ ನಡೆಯಿತು.

ಇವುಗಳ ಫಲವನ್ನು ಅಳೆಯುವಾಗ ಒಂದು ತೊಡಕು ಎಲ್ಲೆಡೆಯೂ ಎದುರಾಯಿತು. ಬೀಡಿಯನ್ನು ಸಂಪೂರ್ಣವಾಗಿ ಬಿಟ್ಟವನ ಕಾಲು ಬಹುಮಟ್ಟಿಗೆ ಉಳಿಯುತ್ತದೆ, ಶಸ್ತ್ರಕ್ರಿಯೆಯಾಗಲಿ ಆಗದಿರಲಿ. ಬಿಡದವನಿಗೆ ಹುಣ್ಣು ಮರಳಿ ಬರುತ್ತದೆ. ಹೀಗಿರಲು ರೋಗಿಯು ಮನೆಗೆ ಮರಳಿದ ಮೇಲೆ ಸೇದಿದನೋ ಇಲ್ಲವೋ ಎಂಬುದನ್ನು ಬರೆದಿಡದ ವರದಿಯಲ್ಲಿ, ಕಾಲನ್ನು ಉಳಿಸಿದುದು ಕತ್ತಿಯೋ ಸಂಯಮವೋ ಎಂಬುದನ್ನು ಬೇರ್ಪಡಿಸಿ ಹೇಳಲು ಸಾಧ್ಯವಿಲ್ಲ.