ಟಾಯ್ಲೆಟ್ ಪೇಪರ್ ಮೇಲೊಂದು ಕಾದಂಬರಿ

2025ರಲ್ಲಿ ತೀರಿಕೊಂಡ ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೋ ಜೈಲಿಗೆ ಹೋದ ಕಥೆ ನನಗೆ ಆಗಾಗ ನೆನಪಾಗುತ್ತದೆ. 1977ರಲ್ಲಿ ಅವರ ಇಂಗ್ಲಿಷ್ ಕಾದಂಬರಿ 'ಪೆಟಲ್ಸ್ ಆಫ್ ಬ್ಲಡ್' ಬಂತು. ಸ್ವಾತಂತ್ರ್ಯ ಬಂದ ಮೇಲೆ ದೇಶ ನುಂಗಿದವರನ್ನು ಅದರಲ್ಲಿ ಚೆನ್ನಾಗಿಯೇ ಜಾಡಿಸಿದ್ದಾರೆ. ಹಣಕಾಸು ಮಂತ್ರಿ ಮ್ವಾಯ್ ಕಿಬಾಕಿಯೇ ಬಂದು ಪುಸ್ತಕ ಬಿಡುಗಡೆ ಮಾಡಿದರು! ಅದೇ ವರ್ಷ ಕಮಿರೀಥು ಎಂಬ ಹಳ್ಳಿಯಲ್ಲಿ ಅವರು ಗೂಗಿ ವಾ ಮಿರೀ ಜೊತೆ ಬರೆದ ಗಿಕುಯು ಭಾಷೆಯ ನಾಟಕವನ್ನು ರೈತರು, ಕೂಲಿಯವರೇ ಆಡಿದರು. ಸರ್ಕಾರ ನಾಟಕ ನಿಲ್ಲಿಸಿತು. ಡಿಸೆಂಬರ್ ಕೊನೆಗೆ ಪೊಲೀಸರು ಮನೆಗೇ ಬಂದರು. ಬೈದದ್ದು ಅದೇ ಜನರನ್ನು. ಆದರೆ ಈ ಸಲ ಊರಿಗೆಲ್ಲ ಅರ್ಥವಾಗಿತ್ತು ನೋಡಿ...

ವಿಚಾರಣೆ ಇಲ್ಲದೆ ಕಮೀಟಿ ಎಂಬ ಬಿಗಿಕಾವಲಿನ ಜೈಲು. ಹೆಸರು ಹೋಗಿ ನಂಬರ್ ಬಂತು. ಹಲ್ಲುನೋವಿಗೆ ಡಾಕ್ಟರ ಹತ್ತಿರ ಹೋಗಬೇಕಾದರೂ ಬೇಡಿ ಹಾಕಿಸಿಕೊಳ್ಳಬೇಕಿತ್ತು. ಗೂಗಿ ಒಪ್ಪಲಿಲ್ಲ, ಚಿಕಿತ್ಸೆ ಸಿಗಲಿಲ್ಲ.

ಅಲ್ಲಿದ್ದ ಟಾಯ್ಲೆಟ್ ಪೇಪರ್ ಬಲು ಒರಟು. ಮೈಗೆ ಹಿಂಸೆ, ಪೆನ್ನಿಗೆ ಮಾತ್ರ ಹೇಳಿ ಮಾಡಿಸಿದ ಹಾಗೆ. ಅದರ ಮೇಲೆ ಕದ್ದುಮುಚ್ಚಿ ಕಾದಂಬರಿ ಶುರು ಮಾಡಿದರು, ಯಾವ ಭಾಷೆಗಾಗಿ ಒಳಗೆ ಹಾಕಿದರೋ ಅದೇ ಗಿಕುಯುವಿನಲ್ಲಿ. 1978ರಲ್ಲಿ ಒಮ್ಮೆ ಕಾವಲುಗಾರರು ಸೆಲ್ ಜಾಲಾಡಿ ಬರೆದದ್ದನ್ನೆಲ್ಲ ಹೊತ್ತೊಯ್ದರು. (ದಿನಕ್ಕೆ ನಾಲ್ಕು ಸಲ ಬ್ಯಾಕಪ್ ತೆಗೆಯುವ ನನಗೆ ಇದನ್ನು ನೆನೆದರೇ ಎದೆ ಝಲ್ಲೆನ್ನುತ್ತದೆ.) ಸುಮಾರು ಮೂರು ವಾರದ ಮೇಲೆ ಜೈಲಿನ ಅಧಿಕಾರಿಯೊಬ್ಬರು ವಾಪಸ್ ಕೊಟ್ಟರು, ಪುಣ್ಯ!

ಆಗಸ್ಟಿನಲ್ಲಿ ಅಧ್ಯಕ್ಷ ಕೆನ್ಯಾಟಾ ಸತ್ತಿದ್ದರು. ಡಿಸೆಂಬರಿನಲ್ಲಿ ಗೂಗಿ ಹೊರಬಂದರು. ಕಾದಂಬರಿ 1980ರಲ್ಲಿ ಅಚ್ಚಾಯಿತು. ಬಾರುಗಳಲ್ಲಿ ಕೂತು ಓದು ಬಾರದವರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವವರಿದ್ದರಂತೆ.