ಕತ್ತಲ ನಾಳಕ್ಕೆ ಬೆಳಕು: ಕಿವಿಗುಗ್ಗೆಯ ಚಿಕಿತ್ಸೆ ನಡೆದು ಬಂದ ದಾರಿ

ಭಾನುವಾರ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊಂಡು ಬಂದೆ. ಟವೆಲಿನಲ್ಲಿ ತಲೆ ಒರೆಸಿಕೊಳ್ಳುವಾಗ ಬಲಗಿವಿ ಗಪ್ಪೆಂದು ಮುಚ್ಚಿಕೊಂಡಿತು. ನಾನಿರುವ ಮೈಸೂರಿನ ಮಂಡಿ ಮೊಹಲ್ಲಾ ಸದ್ದಿಗೇನೂ ಬಡತನವಿಲ್ಲದ ಜಾಗ. ನಸುಕಿನ ಆಜಾನ್, ಅಶೋಕ ರಸ್ತೆಯ ಕಡೆಯಿಂದ ಚರ್ಚಿನ ಗಂಟೆ, ತಳ್ಳುಗಾಡಿಯವರ ಕೂಗು, ಸಂದಿಯಲ್ಲಿ ಸಿಕ್ಕಿಕೊಂಡ ಆಟೋಗಳ ಹಾರನ್ನು. ಅಂದು ಅದೆಲ್ಲ ಅರ್ಧಕ್ಕರ್ಧ ಕಡಿಮೆಯಾಗಿ, ನನ್ನ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ ತಲೆಯೊಳಗೇ ಮೊಳಗತೊಡಗಿತು. ಮನೆಯಲ್ಲಿ ಒಬ್ಬರು ಬೆಚ್ಚಗಿನ ಎಣ್ಣೆ ಬಿಡು ಎಂದರು, ಇನ್ನೊಬ್ಬರು ತಲೆಯಿಂದ ಪಿನ್ನು ತೆಗೆದು ಕೈಗೇ ಕೊಟ್ಟರು. ಬಲಬದಿಯಿಂದ ಬಂದ ಸ್ಕೂಟರು ಕೇಳಿಸದೆ ಮರುದಿನ ರಸ್ತೆಯಲ್ಲಿ ತಬ್ಬಿಬ್ಬಾದ ಮೇಲೆ ವೈದ್ಯರ ಬಳಿ ಹೋದೆ. ಹತ್ತು ನಿಮಿಷದಲ್ಲಿ ಲೋಕ ಮರಳಿ ಬಂತು.

ಆ ಹತ್ತು ನಿಮಿಷದ ಹಿಂದೆ ಎರಡು ಸಾವಿರ ವರ್ಷದ ಕಲಿಕೆಯಿದೆ. ಗುಗ್ಗೆಯನ್ನು ಮೆತ್ತಗೆ ಮಾಡಿ ಹೊರತೆಗೆಯಬೇಕು ಎಂಬುದು ಹಳಬರಿಗೂ ಗೊತ್ತಿತ್ತು. ಒಳಗೆ ಏನಿದೆ ಎಂದು ಕಂಡು ತೆಗೆಯುವುದನ್ನು ಕಲಿಯಲು ಮಾತ್ರ ಬಹಳ ಕಾಲ ಹಿಡಿಯಿತು. ಈ ಕ್ಷೇತ್ರ ಬೆಳೆದದ್ದು ಕಿವಿಯೊಳಕ್ಕೆ ಬೆಳಕು ಹೊಕ್ಕಷ್ಟು.

ಗುಗ್ಗೆ ಕೊಳೆಯಲ್ಲ

ದೊಡ್ಡವರ ಕಿವಿನಾಳ ಸುಮಾರು ಎರಡೂವರೆ ಸೆಂಟಿಮೀಟರು ಉದ್ದ. ಹೊರಗಿನ ಮೂರನೇ ಒಂದು ಭಾಗ ಮೃದ್ವಸ್ಥಿ. ಅಲ್ಲಿ ಕೂದಲೂ ಗ್ರಂಥಿಗಳೂ ಇವೆ. ಒಳಗಿನ ಭಾಗ ಮೂಳೆ, ಅದರ ಮೇಲೆ ಕಾಗದದಂಥ ತೆಳು ಚರ್ಮ. ಗುಗ್ಗೆ ಹುಟ್ಟುವುದು ಹೊರಗಿನ ಭಾಗದಲ್ಲಿ ಮಾತ್ರ: ಗ್ರಂಥಿಗಳ ಜಿಡ್ಡು, ಉದುರಿದ ಚರ್ಮದ ಹೊಟ್ಟು, ಕೂದಲು, ಧೂಳು ಎಲ್ಲ ಸೇರಿ. ಅದು ಸ್ವಲ್ಪ ಹುಳಿಗುಣದ್ದು. ನೀರನ್ನು ತಡೆಯುತ್ತದೆ, ರೋಗಾಣು ಮತ್ತು ಬೂಷ್ಟು ಬೆಳೆಯದಂತೆ ನೋಡಿಕೊಳ್ಳುತ್ತದೆ, ಹುಳು ಒಳನುಗ್ಗದಂತೆ ಅಂಟು ಬಲೆಯಾಗುತ್ತದೆ.

ಕಿವಿಯ ಚರ್ಮಕ್ಕೆ ಮೈಯ ಬೇರೆ ಚರ್ಮಕ್ಕಿಲ್ಲದ ಗುಣವೊಂದಿದೆ. ಅದು ಕಿವಿತಮಟೆಯ ನಡುವಿನಿಂದ ಹೊರಬಾಗಿಲ ಕಡೆಗೆ, ಉಗುರು ಬೆಳೆಯುವಷ್ಟು ನಿಧಾನವಾಗಿ, ಸರಿಯುತ್ತಾ ಬರುತ್ತದೆ. ಅದರ ಮೇಲೆ ಕುಳಿತ ಗುಗ್ಗೆಯೂ ಜೊತೆಗೆ ಬರುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆ ಆಡಿದಂತೆ ಅದು ಸಡಿಲವಾಗಿ ತಾನೇ ಉದುರಿಹೋಗುತ್ತದೆ. ಹೀಗೆ ಕಿವಿ ತನ್ನನ್ನು ತಾನೇ ಗುಡಿಸಿಕೊಳ್ಳುತ್ತದೆ. ನಾಳ ಕಿರಿದಾಗಿದ್ದರೆ, ವಯಸ್ಸಾಗಿ ಗುಗ್ಗೆ ಒಣಗಿದರೆ, ಶ್ರವಣ ಸಾಧನವೋ ಇಯರ್‌ಫೋನೋ ದಾರಿಗೆ ಅಡ್ಡ ಕುಳಿತರೆ, ಎಲ್ಲಕ್ಕಿಂತ ಮುಖ್ಯವಾಗಿ ಕಡ್ಡಿ ಹಾಕಿ ಹಿಂದಕ್ಕೆ ತಳ್ಳಿದರೆ, ಈ ಕೆಲಸ ಕೆಡುತ್ತದೆ. ಸಣ್ಣ ಸಂದಿಯೊಂದು ಉಳಿದಿರುವವರೆಗೂ ಕಿವಿ ಕೇಳುತ್ತಲೇ ಇರುತ್ತದೆ. ಸ್ನಾನದ ನೀರು ತಾಗಿ ಗಟ್ಟಿ ಗುಗ್ಗೆ ಉಬ್ಬಿ ಆ ಸಂದಿ ಮುಚ್ಚಿದ ಕ್ಷಣ ಕಿವುಡು. ನನಗೆ ಆದದ್ದು ಅದೇ.

ಪೂರ್ತಿ ಮುಚ್ಚಿದ ಕಿವಿಯಲ್ಲಿ 30ರಿಂದ 40 ಡೆಸಿಬಲ್‌ವರೆಗೆ ಕೇಳುವಿಕೆ ತಗ್ಗಬಹುದು. ಎದುರು ಕುಳಿತವರ ಸಾಮಾನ್ಯ ಮಾತು ಸುಮಾರು 60 ಡೆಸಿಬಲ್. ಅದು ಪಿಸುಮಾತಿಗೆ ಇಳಿದುಬಿಡುತ್ತದೆ. ಕೆಲವರಿಗೆ ಗುಂಯ್‌ಗುಡುವ ಸದ್ದು, ತಲೆಸುತ್ತು, ಕಾರಣ ತಿಳಿಯದ ಕೆಮ್ಮು ಕೂಡ ಬರುತ್ತದೆ. ಗಂಟಲಿಗೆ ಹೋಗುವ ನರದ್ದೇ ಒಂದು ಕವಲು ಕಿವಿನಾಳಕ್ಕೂ ಬಂದಿರುವುದು ಆ ಕೆಮ್ಮಿಗೆ ಕಾರಣ.

ಎಣ್ಣೆ ಮತ್ತು ಶಲಾಕೆ

ಸುಶ್ರುತ ಸಂಹಿತೆಯ ಉತ್ತರತಂತ್ರ 28 ಕರ್ಣರೋಗಗಳನ್ನು ಎಣಿಸುತ್ತದೆ. ಅದರಲ್ಲೊಂದು ಕರ್ಣಗೂಥ: ಪಿತ್ತದ ಬಿಸಿಗೆ ಕಫ ಒಣಗಿ ಗಟ್ಟಿಯಾದದ್ದು ಎಂದು ವಿವರಣೆ. ಚಿಕಿತ್ಸೆ ಮೂರು ಹಂತದ್ದು. ಎಣ್ಣೆಯಿಂದ ನೆನೆಸಬೇಕು, ಶಾಖದಿಂದ ಕರಗಿಸಬೇಕು, ಆಮೇಲೆ ಶಲಾಕೆಯಿಂದ, ಅಂದರೆ ತೆಳು ಕಡ್ಡಿಯಿಂದ, ತೆಗೆಯಬೇಕು. ರೋಮ್‌ನಲ್ಲಿ ಒಂದನೇ ಶತಮಾನದ ಸೆಲ್ಸಸ್ ಬರೆದದ್ದೂ ಹೆಚ್ಚುಕಡಿಮೆ ಇದೇ: ಬಿಸಿ ಎಣ್ಣೆಯಂಥವುಗಳಿಂದ ಸಡಿಲಿಸಿ ಶಲಾಕೆಯಿಂದ ಎತ್ತುವುದು, ಇಲ್ಲವೇ ಪಿಚಕಾರಿಯಿಂದ ತೊಳೆಯುವುದು. ಮೊದಲು ನೆನೆಸು, ಆಮೇಲೆ ತೆಗೆ ಎಂಬ ಈ ಕ್ರಮ ಇವತ್ತಿನ ಕ್ಲಿನಿಕ್ಕಿನಲ್ಲೂ ಹಾಗೆಯೇ ಉಳಿದಿದೆ.

ಶಾಸ್ತ್ರದ ಹೊರಗೆ ಜನಬಳಕೆಯ ಉಪಕರಣವಿತ್ತು. ಚಿಮಟ, ಮುಳ್ಳು ತೆಗೆಯುವ ಸೂಜಿ, ಗುಗ್ಗೆ ಗೋರುವ ಪುಟ್ಟ ಚಮಚ ಮೂರನ್ನೂ ಒಂದೇ ಉಂಗುರಕ್ಕೆ ಪೋಣಿಸಿದ ಗೊಂಚಲು ಹಳೆಯ ಮನೆಗಳಲ್ಲಿ ಇನ್ನೂ ಸಿಗುತ್ತದೆ. ಸಂತೆ, ಮಾರುಕಟ್ಟೆ, ಬಸ್ ನಿಲ್ದಾಣಗಳ ಬದಿಯಲ್ಲಿ ಕೂರುವ ಗುಗ್ಗೆ ತೆಗೆಯುವವರದ್ದು ಇಡೀ ಭಾರತಕ್ಕೆ ಪರಿಚಿತವಾದ ಕಸುಬು. ಹತ್ತೊಂಬತ್ತನೇ ಶತಮಾನದ ಕಂಪನಿ ಶೈಲಿಯ ಚಿತ್ರಗಳಲ್ಲೂ ಅವರಿದ್ದಾರೆ. ಅವರಲ್ಲಿ ಕೈಚಳಕ ಇರುವವರು ಇದ್ದರು, ಇದ್ದಾರೆ. ಆದರೆ ಒಂದೇ ಕಡ್ಡಿ ಹತ್ತು ಕಿವಿಗೆ ಹೋಗುತ್ತದೆ, ಬಿಸಿಲು ತಲುಪದ ಆಳದಲ್ಲಿ ಕೈ ಊಹೆಯ ಮೇಲೆ ನಡೆಯುತ್ತದೆ. ತಮಟೆಗೆ ತೂತು ಬಿದ್ದರೆ ಹೊಣೆ ಹೊರಲು ಯಾರೂ ಇರುವುದಿಲ್ಲ.

ನಡುವೆ ತೂತಿದ್ದ ಕನ್ನಡಿ

ಹದಿನಾಲ್ಕನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಗಿ ದ ಶೋಲಿಯಾಕ್ ಕಿವಿಯನ್ನು ಸೂರ್ಯನಿಗೆ ಒಡ್ಡಿ, ನಾಳವನ್ನು ಅಗಲಿಸಿ ನೋಡುವ ಉಪಕರಣದ ಬಗ್ಗೆ ಬರೆದಿದ್ದ. ಬೆಳಕಿಗೂ ನೋಡುವವನ ತಲೆಗೂ ಒಂದೇ ದಾರಿ ಬೇಕಾದದ್ದು ಮುಖ್ಯ ತೊಡಕು. ಬಗ್ಗಿ ನೋಡಿದರೆ ತಲೆಯ ನೆರಳೇ ಕಿವಿಗೆ ಬೀಳುತ್ತದೆ. 1841ರಲ್ಲಿ ಜರ್ಮನಿಯ ವೈದ್ಯ ಹಾಫ್‌ಮನ್ ನಡುವೆ ತೂತಿರುವ ತಗ್ಗು ಕನ್ನಡಿಯನ್ನು ಬಳಸಿದ. ಬೆಳಕು ಕನ್ನಡಿಗೆ ಬಡಿದು ಕಿವಿಗೆ, ಕಣ್ಣು ತೂತಿನ ಮೂಲಕ ಅದೇ ಗೆರೆಯಲ್ಲಿ. 1855ರ ಹೊತ್ತಿಗೆ ಅದೇ ದೇಶದ ಕಿವಿವೈದ್ಯ ಫಾನ್ ಟ್ರೋಲ್ಚ್ ಅದನ್ನು ಬಳಕೆಗೆ ತಂದ, ಮುಂದೆ ಅದು ವೈದ್ಯರ ಹಣೆಗೇರಿತು. ನಮ್ಮ ಅಪ್ಪ ಅಜ್ಜಂದಿರು ಕಂಡ ಕಿವಿ ಡಾಕ್ಟರ ಚಿತ್ರ ಎಂದರೆ ಹಣೆಯ ಮೇಲಿನ ಆ ದುಂಡು ಕನ್ನಡಿಯೇ.

ಲಂಡನ್ನಿನ ಜೋಸೆಫ್ ಟಾಯ್ನ್‌ಬಿ ಸತ್ತವರ ಕಿವಿಗಳನ್ನು ನೂರಾರು ಸಂಖ್ಯೆಯಲ್ಲಿ ಬಿಡಿಸಿ ನೋಡಿ 1860ರಲ್ಲಿ ಕರ್ಣರೋಗಗಳ ಗ್ರಂಥ ಬರೆದ. ಅದೇ ಕಾಲಕ್ಕೆ ಶ್ರುತಿಕವೆಯ, ಅಂದರೆ ಟ್ಯೂನಿಂಗ್ ಫೋರ್ಕಿನ, ಪರೀಕ್ಷೆಗಳೂ ಬಂದವು. ಕವೆಯನ್ನು ಮಿಡಿದು ಹಣೆಯ ನಡುವೆ ಇಟ್ಟರೆ, ಗುಗ್ಗೆಯಿಂದ ಮುಚ್ಚಿದ ಕಿವಿಯಲ್ಲೇ ಸದ್ದು ಜೋರಾಗಿ ಕೇಳುತ್ತದೆ. ನರ ಸೋತ ಕಿವಿಯಾದರೆ ಸದ್ದು ಚೆನ್ನಾಗಿರುವ ಕಿವಿಯ ಕಡೆ ಹೋಗುತ್ತದೆ. ಕವೆ ಇಲ್ಲದಿದ್ದರೂ ಬಾಯಿ ಮುಚ್ಚಿ ಹೂಂಗುಟ್ಟಿ ಇದನ್ನು ಅಂದಾಜು ಮಾಡಬಹುದು. ದಾರಿ ಕಟ್ಟಿದ ಕಿವುಡನ್ನೂ ನರದ ಕಿವುಡನ್ನೂ ಬೇರ್ಪಡಿಸಿದ್ದು ಈ ಕ್ಷೇತ್ರದ ಬಹು ದೊಡ್ಡ ಹೆಜ್ಜೆ.

ಪಿಚಕಾರಿ ಕೂಡ ಒಂದು ದೊಡ್ಡ ಪಾಠ ಕಲಿಸಿತು. ವಿಯೆನ್ನಾದ ರಾಬರ್ಟ್ ಬಾರಾನಿ ರೋಗಿಗಳ ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ಅವರಿಗೆ ತಲೆಸುತ್ತು ಬಂದು ಕಣ್ಣು ಒಂದು ಕಡೆಗೆ ಜಗ್ಗುವುದನ್ನೂ, ಹೆಚ್ಚು ಬಿಸಿಯಿದ್ದರೆ ಇನ್ನೊಂದು ಕಡೆಗೆ ಜಗ್ಗುವುದನ್ನೂ ಗಮನಿಸಿದ. ಒಳಗಿವಿಯ ಸಮತೋಲನದ ಅಂಗವನ್ನು ಪರೀಕ್ಷಿಸುವ ವಿಧಾನ ಅದರಿಂದ ಹುಟ್ಟಿತು, 1914ರ ನೊಬೆಲ್ ಬಹುಮಾನವೂ ಬಂತು. ಕಿವಿ ತೊಳೆಯುವ ನೀರು ಮೈಯ ಬಿಸಿಯಷ್ಟೇ, 37 ಡಿಗ್ರಿ, ಇರಬೇಕೆಂಬ ನಿಯಮಕ್ಕೆ ಇದೇ ಆಧಾರ.

ಮೊಹಲ್ಲಾದ ಸುತ್ತ

ಈ ವಿದ್ಯೆಗಳೆಲ್ಲ ಬಂದು ಕೂಡಿದ ಊರುಗಳಲ್ಲಿ ಮೈಸೂರು ಒಂದು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ದಾಖಲೆಯ ಹೆಸರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1906ರಷ್ಟು ಹಳೆಯದು. 1908ರಲ್ಲಿ ಊರಿನಲ್ಲಿ ಆಯುರ್ವೇದ ಶಿಕ್ಷಣ ಶುರುವಾಯಿತು. ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು ಇರ್ವಿನ್ ರಸ್ತೆಯಲ್ಲಿ ನೆಲೆ ನಿಂತಿತು, ಪಕ್ಕದಲ್ಲೇ ಕೆ.ಆರ್. ಆಸ್ಪತ್ರೆ. ಸುಶ್ರುತನ ಎಣ್ಣೆಗೂ ಟ್ರೋಲ್ಚ್‌ನ ಕನ್ನಡಿಗೂ ವಾರಸುದಾರರು ಹೀಗೆ ನಡಿಗೆಯ ದೂರದಲ್ಲೇ ಇದ್ದಾರೆ.

1966ರಲ್ಲಿ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಬಂತು. ಮೈಸೂರಿನವರ ಬಾಯಲ್ಲಿ ಅದು ಆಯಿಷ್. ಕೇಳುವಿಕೆಯನ್ನು ಅಳೆಯುವುದೇ ಒಂದು ವೃತ್ತಿ ಎಂಬುದನ್ನು ನಮ್ಮ ದೇಶಕ್ಕೆ ಕಲಿಸಿದ ಸಂಸ್ಥೆಗಳಲ್ಲಿ ಅದು ಮುಂಚೂಣಿಯದು. ಅದರ ನಿರ್ದೇಶಕರಾಗಿದ್ದ ನ. ರತ್ನ ಅವರನ್ನು ಕನ್ನಡಿಗರು ನಾಟಕಕಾರರಾಗಿ, ಸಮತೆಂತೋ ತಂಡದ ರಂಗಕರ್ಮಿಯಾಗಿ ಹೆಚ್ಚು ಬಲ್ಲರು. ಮಾತು ಮತ್ತು ಕೇಳುವಿಕೆ ಎರಡರ ಬೆಲೆಯನ್ನೂ ಬಲ್ಲ ರಂಗಭೂಮಿಯವರು ಅಂಥ ಸಂಸ್ಥೆಯನ್ನು ನಡೆಸಿದ್ದು ನನಗೆ ಬಹಳ ಸರಿಯಾಗಿ ಕಾಣುತ್ತದೆ. ಶ್ರವಣ ಪರೀಕ್ಷೆಗೆ ಕೂರಿಸುವ ಮುನ್ನ ಆಡಿಯಾಲಜಿಸ್ಟ್ ಮೊದಲು ಮಾಡುವುದು ಕಿವಿಗೆ ದೀಪ ಹಿಡಿದು ನೋಡುವುದು. ಗುಗ್ಗೆಯ ಮುಚ್ಚಳ ಇದ್ದರೆ ಅಳತೆಯೇ ತಪ್ಪುತ್ತದೆ.

ಹತ್ತಿ ಕಡ್ಡಿಯ ಶತಮಾನ

ಇಷ್ಟೆಲ್ಲ ಬೆಳವಣಿಗೆಯ ನಡುವೆ ಹಿಂದಕ್ಕೆ ಎಳೆದ ವಸ್ತುವೂ ಒಂದಿದೆ. 1923ರಲ್ಲಿ ಅಮೆರಿಕದ ಲಿಯೋ ಗರ್ಸ್ಟನ್‌ಜಾಂಗ್, ಮಗುವನ್ನು ಶುಚಿ ಮಾಡಲು ಹೆಂಡತಿ ಕಡ್ಡಿಗೆ ಹತ್ತಿ ಸುತ್ತುವುದನ್ನು ಕಂಡು, ಸಿದ್ಧ ಹತ್ತಿ ಕಡ್ಡಿಗಳನ್ನು ಮಾರಾಟಕ್ಕೆ ತಂದ. ಅದು ಲೋಕದ ಎಲ್ಲ ಬಚ್ಚಲುಮನೆಗಳನ್ನೂ ಹೊಕ್ಕಿತು. ಕಡ್ಡಿಯ ತುದಿಗೆ ಅಂಟುವ ಹಳದಿ ಕಂಡು ಸ್ವಚ್ಛವಾಯಿತೆಂದು ನಾವು ಸಮಾಧಾನಪಡುತ್ತೇವೆ. ಬಂದದ್ದು ಅಷ್ಟು, ಒಳಕ್ಕೆ ತುರುಕಿದ್ದು ಅದಕ್ಕಿಂತ ಹೆಚ್ಚು. ಕೋವಿಗೆ ಮದ್ದು ಜಡಿದ ಹಾಗೆ. ಗುಗ್ಗೆ ಹುಟ್ಟದ ಒಳನಾಳದಲ್ಲಿ ಗುಗ್ಗೆ ಗಟ್ಟಿಯಾಗಿ ಕೂರುವುದು ಬಹುಪಾಲು ಹೀಗೆ.

ಇತ್ತೀಚಿನ ದಶಕಗಳ ಸಂಶೋಧನೆ ಹಳೆಯ ನಂಬಿಕೆಗಳನ್ನು ಒಂದೊಂದಾಗಿ ತೂಗಿದೆ. ಗುಗ್ಗೆ ಅಂಟಾಗಿರುವುದೂ ಒಣ ಹೊಟ್ಟಾಗಿರುವುದೂ ಒಂದೇ ಜೀನಿನಲ್ಲಿನ ಒಂದು ಅಕ್ಷರದ ವ್ಯತ್ಯಾಸ ಎಂದು 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಹನಿ ಔಷಧಿಗಳ ಮೇಲಿನ 10 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ, ಒಂದು ಬಗೆಯ ಹನಿ ಇನ್ನೊಂದಕ್ಕಿಂತ ಮೇಲು ಎನ್ನಲು ಆಧಾರವಿಲ್ಲ ಎಂದಿತು. ನೀರು, ಉಪ್ಪುನೀರುಗಳೂ ಆ ಹೋಲಿಕೆಯಲ್ಲಿದ್ದವು. ದುಬಾರಿ ಹನಿ ಕೊಳ್ಳಲಾಗದ ಬಡವರಿಗೆ ಇದು ಒಳ್ಳೆಯ ಸುದ್ದಿ. ಕಿವಿಗೆ ಮೇಣದ ಕೊಳವೆ ಇಟ್ಟು ಉರಿಸುವ ಚಿಕಿತ್ಸೆಯಿಂದ ಗುಗ್ಗೆ ಬರುವುದಿಲ್ಲ, ಸುಟ್ಟ ಗಾಯ ಬರಬಹುದು ಎಂಬುದೂ ಖಚಿತವಾಗಿದೆ. ತೊಂದರೆ ಕೊಡದ ಗುಗ್ಗೆಯನ್ನು ಅದರ ಪಾಡಿಗೆ ಬಿಡಿ ಎಂಬುದು ಅಮೆರಿಕದ ಇಎನ್‌ಟಿ ತಜ್ಞರ 2017ರ ಮಾರ್ಗಸೂಚಿಯ ತಿರುಳು.

ಇಂದಿನ ಹತ್ತು ನಿಮಿಷ

ನನ್ನ ಕಿವಿಗೆ ನಡೆದದ್ದನ್ನು ಹೇಳುತ್ತೇನೆ. ವೈದ್ಯೆ ಮೊದಲು ದೀಪದ ಓಟೋಸ್ಕೋಪಿನಲ್ಲಿ ಎರಡೂ ಕಿವಿ ನೋಡಿದರು. ಕೀವು ಸೋರಿತ್ತೇ, ಆಪರೇಷನ್ ಆಗಿತ್ತೇ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ತಮಟೆ ತೂತಾಗಿದ್ದರೆ ನೀರು ಹಾಯಿಸುವ ಹಾಗಿಲ್ಲ, ಸಕ್ಕರೆ ಕಾಯಿಲೆಯವರಲ್ಲಿ ನಾಳದ ಸಣ್ಣ ಗಾಯವೂ ಘೋರ ಸೋಂಕಾಗಬಹುದು. ನನಗೆ ಅದ್ಯಾವುದೂ ಇರಲಿಲ್ಲ. ಕಿವಿಯ ಕೆಳಗೆ ಕಿಡ್ನಿ ಟ್ರೇ ಹಿಡಿದುಕೊಳ್ಳಲು ಹೇಳಿ, ಬಾಗಿದ ನಾಳ ನೇರವಾಗಲೆಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದರು. ಉಗುರುಬೆಚ್ಚಗಿನ ನೀರನ್ನು ನಾಳದ ಮೇಲ್ಗೋಡೆಗೆ ಬಿಟ್ಟರು. ನೀರು ಗುಗ್ಗೆಯ ಹಿಂದಕ್ಕೆ ನುಗ್ಗಿ ಅದನ್ನು ಹೊರದೂಡಬೇಕು, ಅದೇ ಉಪಾಯ. ಮೂರನೆಯ ಬಾರಿಗೆ ಹುಣಿಸೆಬೀಜದಂಥ ಕಪ್ಪು ಉಂಡೆ ಟ್ರೇಗೆ ಬಿತ್ತು. ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದು ಕೇಳಿ ನಾನು ಬೆಚ್ಚಿದೆ.

ಈಗ ಅನೇಕ ಕಡೆ ನೀರಿನ ಬದಲು ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪಿನಲ್ಲಿ ನೋಡುತ್ತಲೇ ಸಣ್ಣ ಕೊಳವೆಯಿಂದ ಹೀರಿ ತೆಗೆಯುತ್ತಾರೆ. 1950ರ ದಶಕದಲ್ಲಿ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಹಬ್ಬಿದ ಮೇಲೆ ಬಂದ ಅನುಕೂಲ ಇದು. ಸದ್ದು ಸ್ವಲ್ಪ ಜೋರು, ಆದರೆ ತಮಟೆ ತೂತಾದವರಿಗೂ ಮಾಡಬಹುದು. ಮೊಬೈಲಿಗೆ ಜೋಡಿಸುವ ಅಗ್ಗದ ಕ್ಯಾಮೆರಾ ಕಡ್ಡಿಗಳೂ ಬಂದಿವೆ. ನೋಡಲು ಅವು ಸಾಕು. ಅದೇ ಕಡ್ಡಿಯಿಂದ ಗೋರಲು ಹೊರಟರೆ ಮತ್ತೆ ಹಳೆಯ ಅಪಾಯವೇ.

ಉಳಿದಿರುವ ಕೆಲಸ

ನಮ್ಮ ದೇಶದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ 2007ರಲ್ಲಿ ಆರಂಭವಾಯಿತು. ಶ್ರವಣ ದೋಷದ ಕಾರಣಗಳಲ್ಲಿ ಗುಗ್ಗೆಯ ಪಾಲು ಶೇ 15.9 ಎಂದು ಅದರ ದಾಖಲೆಗಳು ಹೇಳುತ್ತವೆ. ಸರಿಪಡಿಸಬಹುದಾದ ಕಾರಣಗಳಲ್ಲಿ ಅದೇ ಮೊದಲನೆಯದು. ಅಮೆರಿಕದ ಮಾರ್ಗಸೂಚಿಯ ಪ್ರಕಾರ ಹತ್ತು ಮಕ್ಕಳಲ್ಲಿ ಒಬ್ಬರಿಗೆ, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ, ವೃದ್ಧರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಗೆ ಗುಗ್ಗೆ ಕಟ್ಟಿಕೊಂಡಿರುತ್ತದೆ. ನನ್ನನ್ನು ಕಾಡುವುದು ಈ ಕೊನೆಯ ಮಾತು. ಅಜ್ಜಿಗೆ ಕಿವಿ ಮಂದ, ವಯಸ್ಸಾಯಿತು ಎಂದು ಮನೆಯವರು ದನಿ ಎತ್ತಿ ಮಾತಾಡುತ್ತಾರೆ, ಆಮೇಲೆ ಮಾತನ್ನೇ ಕಡಿಮೆ ಮಾಡುತ್ತಾರೆ. ಅಜ್ಜಿಯ ಕಿವುಡಿನಲ್ಲಿ ಗುಗ್ಗೆಯ ಪಾಲು ಎಷ್ಟೆಂದು ಯಾರೂ ನೋಡಿರುವುದಿಲ್ಲ. ಪಾಠ ಕೇಳಿಸದೆ ದಡ್ಡ ಎನಿಸಿಕೊಂಡ ಮಗುವಿನ ಕಥೆಯೂ ಹೀಗೆಯೇ ಇರಬಹುದು.

ಆದ್ದರಿಂದ ಓದುಗರಲ್ಲಿ ಕೆಲವು ಮಾತು. ಪಿನ್ನು, ಬೆಂಕಿಕಡ್ಡಿ, ಕೀಲಿಕೈ, ಹತ್ತಿ ಕಡ್ಡಿ ಯಾವುದನ್ನೂ ಕಿವಿಗೆ ಹಾಕಬೇಡಿ. ಕೀವು ಸೋರುವ, ನೋಯುವ ಕಿವಿಗೆ ಎಣ್ಣೆ ಬಿಡಬೇಡಿ. ಒಗ್ಗರಣೆಯ ಬಿಸಿ ಎಣ್ಣೆಯಂತೂ ಯಾವ ಕಿವಿಗೂ ಬೇಡ. ಮಗು ಕಿವಿಗೆ ಕಾಳು ಹಾಕಿಕೊಂಡಿದ್ದರೆ ನೀರು ಬಿಡಬೇಡಿ, ಅದು ಉಬ್ಬುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಗುಗ್ಗೆ ಇರಬೇಕೆಂದು ವಾರಗಟ್ಟಲೆ ಕಾಯಬೇಡಿ. ನರಕ್ಕೆ ಪೆಟ್ಟಾಗಿದ್ದರೆ ಮೊದಲ ಕೆಲವು ದಿನಗಳ ಚಿಕಿತ್ಸೆಯೇ ಕಿವಿಯನ್ನು ಉಳಿಸುವುದು. ಮನೆಯ ಹಿರಿಯರಿಗೆ ಶ್ರವಣ ಸಾಧನ ಕೊಳ್ಳುವ ಮೊದಲು, ಕಿವುಡು ಎಂದು ತೀರ್ಮಾನಿಸುವ ಮೊದಲು, ಅವರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಕರೆದುಕೊಂಡು ಹೋಗಿ, ದೀಪ ಹಿಡಿದು ಒಮ್ಮೆ ನೋಡಿಸಿ.